ನಮ್ಮೂರ ಸರ್ಕಾರಿ ಶಾಲೆಯ ಇಂಗ್ಲಿಷ್ ವಿಭಾಗ: ಐದರಲ್ಲಿ ಮೂರೂವರೆ

ಹೋಟೆಲಿನ ದೋಸೆಗೆ, ಆನ್‌ಲೈನಿನಲ್ಲಿ ತರಿಸಿದ ಮಿಕ್ಸಿಗೆ, ಬಸ್ಸಿನ ಸೀಟಿಗೆ ಎಲ್ಲದಕ್ಕೂ ನಕ್ಷತ್ರ ಕೊಡುವ ಜನ ನಾವು. ಸರ್ಕಾರಿ ಶಾಲೆಗೆ ಮಾತ್ರ ಅದನ್ನು ಬಳಸುವವರು ಏನೂ ಬರೆಯುವುದಿಲ್ಲ. ಅಲ್ಲಿಗೆ ತಮ್ಮ ಮಕ್ಕಳನ್ನು ಎಂದೂ ಕಳುಹಿಸದವರು ಪುಟಗಟ್ಟಲೆ ಬರೆಯುತ್ತಾರೆ. ನನ್ನ ಮಗಳು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ, ಇಂಗ್ಲಿಷ್-ಕನ್ನಡ ದ್ವಿಭಾಷಾ ವಿಭಾಗದಲ್ಲಿ, ನಾಲ್ಕನೇ ತರಗತಿ ಓದುತ್ತಿದ್ದಾಳೆ. ನಾನು ಅಲ್ಲಿನ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ಊರಿನ ಹೆಸರು ಹೇಳುವುದಿಲ್ಲ. ನನ್ನ ಬರಹದಿಂದ ಮುಖ್ಯ ಶಿಕ್ಷಕರಿಗೆ ನೋಟಿಸ್ ಬಂದರೆ ನಾಳೆ ಗೇಟಿನ ಹತ್ತಿರ ಅವರ ಮುಖ ನೋಡಬೇಕಾದವಳು ನಾನು.

ಮಕ್ಕಳನ್ನು ಸೇರಿಸಬಹುದೇ ಎಂದು ಕೇಳಿದರೆ, ಸೇರಿಸಬಹುದು. ಐದು ನಕ್ಷತ್ರಗಳಲ್ಲಿ ಮೂರೂವರೆ ಕೊಡುತ್ತೇನೆ. ಉಳಿದ ಒಂದೂವರೆಯನ್ನು ಯಾರು ತಿಂದರು ಎಂದು ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನಗೆ ಚಿಂತಾಮಣಿ ಪೇಟೆಯಲ್ಲಿ ಹೊಲಿಗೆ ಅಂಗಡಿ ಇದೆ. ಮೇ ಕೊನೆಯಿಂದ ಜುಲೈವರೆಗೆ ರವಿಕೆ, ಫಾಲ್ಸ್ ಎಲ್ಲ ಬದಿಗೆ ಹೋಗಿ ಸಮವಸ್ತ್ರದ ಕೆಲಸವೇ ನಡೆಯುತ್ತದೆ. ಕಾನ್ವೆಂಟಿನವರು ಬಣ್ಣದ ಮಾದರಿ ಕೊಟ್ಟು ಕಳುಹಿಸುತ್ತಾರೆ. ಸರ್ಕಾರಿ ಶಾಲೆಯ ಮಕ್ಕಳು ವಿದ್ಯಾವಿಕಾಸ ಯೋಜನೆಯ ಬಟ್ಟೆಯನ್ನು ಮಡಿಕೆಯೂ ಬಿಚ್ಚದೆ ತರುತ್ತಾರೆ. ಬಟ್ಟೆ ಸರ್ಕಾರದ್ದು, ಹೊಲಿಗೆಯ ಕೂಲಿ ತಾಯಿಯದ್ದು. ಯಾವ ಶಾಲೆಯಲ್ಲಿ ಮಕ್ಕಳು ಹೆಚ್ಚುತ್ತಿದ್ದಾರೆ, ಯಾವುದರಲ್ಲಿ ಕರಗುತ್ತಿದ್ದಾರೆ ಎಂಬುದು ಶಿಕ್ಷಣ ಇಲಾಖೆಗಿಂತ ಮೊದಲು ಅಳತೆ ಟೇಪು ಹಿಡಿದವರಿಗೆ ಗೊತ್ತಾಗುತ್ತದೆ. ಈಚಿನ ವರ್ಷಗಳಲ್ಲಿ ಟೈ ಬಿಚ್ಚಿ ಸರ್ಕಾರಿ ಬಟ್ಟೆ ಹಿಡಿದು ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಅವರ ಅಮ್ಮಂದಿರು ಹೇಳುವ ಕಾರಣ ಒಂದೇ: "ಅಲ್ಲೂ ಇಂಗ್ಲಿಷ್ ಇದೆಯಂತಲ್ಲ ಅಕ್ಕ."

ನಮ್ಮ ಮನೆಯ ಕಥೆಯೂ ಹೆಚ್ಚು ಬೇರೆಯಲ್ಲ. ದೊಡ್ಡ ಮಗನಿಗೆ 2015ರಲ್ಲಿ ಆರ್‌ಟಿಇ ಲಾಟರಿಯಲ್ಲಿ ಪೇಟೆಯ ಕಾನ್ವೆಂಟಿನಲ್ಲಿ ಸೀಟು ಬಿತ್ತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳು ಶೇ 25ರಷ್ಟು ಸೀಟುಗಳನ್ನು ನಮ್ಮಂಥವರ ಮಕ್ಕಳಿಗೆ ಬಿಡಬೇಕು, ಶುಲ್ಕವನ್ನು ಸರ್ಕಾರ ತುಂಬಿಕೊಡಬೇಕು. ಎಂಟನೇ ತರಗತಿವರೆಗೆ ಅದು ನಡೆಯಿತು. ಒಂಬತ್ತಕ್ಕೆ ಕಾಲಿಟ್ಟ ದಿನ ಕಾನ್ವೆಂಟಿನವರು ಕೊಟ್ಟ ಶುಲ್ಕದ ಚೀಟಿ ನೋಡಿ ನನ್ನ ಗಂಡ ಹೊರಗೆ ಹೋಗಿ ನಿಂತರು. ಚಿಕ್ಕವಳ ಸರದಿ ಬರುವ ಹೊತ್ತಿಗೆ ಆ ಲಾಟರಿಯೂ ನಮ್ಮ ಪಾಲಿಗೆ ಮುಗಿದಿತ್ತು. 2019ರಿಂದ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಇಲ್ಲ ಎಂದು ನಿಯಮ ತಿದ್ದಿದರು. ಖಾಸಗಿಯವರಿಗೆ ಕೊಡುವ ಹಣವನ್ನು ನಮ್ಮ ಶಾಲೆಗಳಿಗೇ ಹಾಕುತ್ತೇವೆ ಎಂಬುದು ಅದರ ಹಿಂದಿನ ಮಾತು. ಮಾತು ಒಳ್ಳೆಯದೇ. ಅದೇ ವರ್ಷ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ವಿಭಾಗ ಶುರುವಾಯಿತು. ಮಗಳನ್ನು 2022ರಲ್ಲಿ ಅಂಥ ಒಂದು ವಿಭಾಗಕ್ಕೆ ಸೇರಿಸಿದೆವು.

ಅಲ್ಲಿ ಸಿಗುವುದೇನು? ಕನ್ನಡ, ಇಂಗ್ಲಿಷ್ ಭಾಷಾ ವಿಷಯಗಳಾಗಿ ಇದ್ದೇ ಇವೆ. ಗಣಿತ ಮತ್ತು ಪರಿಸರ ಅಧ್ಯಯನದ ಪುಸ್ತಕಗಳಲ್ಲಿ ಒಂದು ಪುಟ ಇಂಗ್ಲಿಷ್, ಎದುರು ಪುಟ ಅದೇ ಪಾಠ ಕನ್ನಡದಲ್ಲಿ. ಈ ಪುಸ್ತಕಕ್ಕೆ ನನ್ನಿಂದ ಪೂರ್ತಿ ಅಂಕ. ಓದು ಬರಹ ಬಲ್ಲ ಯಾವ ತಾಯಿಯೂ ಎದುರು ಪುಟ ನೋಡಿ ಮಗುವಿಗೆ ಹೇಳಿಕೊಡಬಹುದು. ದೊಡ್ಡವನ ಕಾನ್ವೆಂಟ್ ಪುಸ್ತಕದ ಮುಂದೆ ನಾನು ಬಾಯಿ ಮುಚ್ಚಿ ಕೂರುತ್ತಿದ್ದೆ. ಟ್ಯೂಷನ್ನಿಗೆ ದುಡ್ಡು ಹೋಯಿತು. ಈಗ ಇಸ್ತ್ರಿ ಹಾಕುತ್ತಲೇ ಮಗಳ ಪಾಠ ಒಪ್ಪಿಸಿಕೊಳ್ಳುತ್ತೇನೆ. ಪಠ್ಯಪುಸ್ತಕ, ಬಟ್ಟೆ, ಬಿಸಿಯೂಟ, ಕ್ಷೀರಭಾಗ್ಯದ ಹಾಲು, ಮೊಟ್ಟೆ ಎಲ್ಲವೂ ಇವೆ. ಶಾಲೆಯ ಸಾರು ನನ್ನ ಸಾರಿಗಿಂತ ಚೆನ್ನಾಗಿದೆ ಎಂದು ಮಗಳು ಹೇಳುತ್ತಾಳೆ. ಅಡುಗೆಯ ಅಕ್ಕನಿಗೆ ಅರ್ಧ ನಕ್ಷತ್ರ ಹೆಚ್ಚಿಗೆ ಕೊಟ್ಟರೂ ನನಗೆ ಹೊಟ್ಟೆಕಿಚ್ಚಿಲ್ಲ.

ಇನ್ನು ತರಗತಿಯ ಒಳಗಿನ ಸಂಗತಿ.

ನಮ್ಮದು ಗಡಿಯ ಸೀಮೆ. ಊರಲ್ಲಿ ಮುಕ್ಕಾಲು ಮನೆಗಳ ಮಾತು ತೆಲುಗು, ನಮ್ಮದೂ ಸೇರಿ. ಒಂದು ಬೀದಿಯಲ್ಲಿ ಉರ್ದು. ಕನ್ನಡವನ್ನೇ ಮನೆಯಲ್ಲಿ ಆಡುವವರು ಕಡಿಮೆ. ಅಂಗಡಿ, ಕಚೇರಿ, ಬಸ್ಸು, ಟಿವಿ ಎಲ್ಲ ಕನ್ನಡವಾದ್ದರಿಂದ ದೊಡ್ಡವರಿಗೆ ತೊಡಕಿಲ್ಲ. ಆದರೆ ಆರು ವರ್ಷದ ಮಗು ಶಾಲೆಯ ಹೊಸ್ತಿಲು ದಾಟಿದರೆ ಅದಕ್ಕೆ ಕನ್ನಡವೂ ಹೊಸದು, ಇಂಗ್ಲಿಷೂ ಹೊಸದು. ದ್ವಿಭಾಷಾ ವಿಭಾಗ ಎಂದು ಬೋರ್ಡು ಬರೆಸಿದವರ ಲೆಕ್ಕದಲ್ಲಿ ಒಂದು ಭಾಷೆ ಮಗುವಿಗೆ ಬರುತ್ತದೆ, ಇನ್ನೊಂದನ್ನು ಕಲಿಸಿದರೆ ಸಾಕು. ನಮ್ಮೂರಲ್ಲಿ ಆ ಲೆಕ್ಕ ಮೊದಲ ಸಾಲಿನಲ್ಲೇ ತಪ್ಪುತ್ತದೆ.

ಇದನ್ನು ಅರ್ಥ ಮಾಡಿಕೊಂಡವರು ಶಾಲೆಯಲ್ಲಿ ಒಬ್ಬರೇ, ಅತಿಥಿ ಶಿಕ್ಷಕಿ. ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ನಾನು ಕೂತು ನೋಡಿದ್ದೇನೆ. ಬೀಜಗಳ ಪಾಠ. ಮಕ್ಕಳಿಗೆ ಮನೆಯಿಂದ ಬೀಜ ತರಲು ಹೇಳಿದ್ದರು. ಕಡಲೆಕಾಯಿ, ರಾಗಿ, ಅವರೆ, ಹುಣಸೆ ಬೀಜ, ಒಬ್ಬನ ಜೇಬಿನಲ್ಲಿ ಟೊಮೆಟೊ ಬೀಜದ ಖಾಲಿ ಪೊಟ್ಟಣ. ಮೊದಲು ಮಕ್ಕಳು ತಮ್ಮ ತಮ್ಮಲ್ಲೇ ಮಾತಾಡಲಿ ಎಂದು ಬಿಟ್ಟರು. ತೆಲುಗು, ಉರ್ದು ಏನಾದರೂ ಸರಿ. ತರಗತಿ ಸಂತೆಯಾಯಿತು, ಅವರು ತಡೆಯಲಿಲ್ಲ. ಆಮೇಲೆ ಅದೇ ವಿಷಯವನ್ನು ಕನ್ನಡದಲ್ಲಿ ಹೇಳಿಸಿದರು. ತಡವರಿಸಿದವರಿಗೆ ಪಕ್ಕದವರು ಎತ್ತಿಕೊಟ್ಟರು. ಕೊನೆಗೆ ಕಪ್ಪುಹಲಗೆಯ ಮೇಲೆ ಒಂದೇ ಒಂದು ಇಂಗ್ಲಿಷ್ ವಾಕ್ಯ ಬರೆದು, ಬೀಜದ ಹೆಸರು ಬರುವ ಜಾಗವನ್ನು ಖಾಲಿ ಬಿಟ್ಟರು. ಪ್ರತಿ ಮಗುವೂ ತನ್ನ ಅಂಗೈ ಮೇಲಿನ ಬೀಜವನ್ನು ಎತ್ತಿ ಹಿಡಿದು ಆ ವಾಕ್ಯವನ್ನು ಪೂರ್ತಿ ಮಾಡಬೇಕು. ಉರ್ದು ಮನೆಯ ಹುಡುಗಿಯೊಬ್ಬಳು, ಅಪ್ಪ ಲಾರಿ ಗ್ಯಾರೇಜಿನಲ್ಲಿದ್ದಾರೆ, ವರ್ಷವೆಲ್ಲ ಬಾಯಿ ಬಿಡದವಳು, ಹುಣಸೆ ಬೀಜ ಹಿಡಿದು ಎರಡು ಸಲ ಹೇಳಿದಳು. ಎರಡನೆಯ ಸಲ ಯಾರೂ ಕೇಳಿರಲಿಲ್ಲ, ಅವಳೇ ಹೇಳಿದ್ದು.

ಇನ್ನೊಬ್ಬರು ಖಾಯಂ ಶಿಕ್ಷಕರು. ಒಳ್ಳೆಯ ಮನುಷ್ಯರು, ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ಕನ್ನಡ ಮಾಧ್ಯಮದಲ್ಲಿ ಕಲಿಸಿ ನುರಿತವರು. ಇಂಗ್ಲಿಷ್ ವಿಭಾಗ ಬಂದಾಗ ಹೊಸ ಹುದ್ದೆ ಬರಲಿಲ್ಲ, ಅಲ್ಪಾವಧಿಯ ತರಬೇತಿ ಕೊಟ್ಟು ಇವರನ್ನೇ ನಿಲ್ಲಿಸಿದರು. ಅವರು ಇಂಗ್ಲಿಷ್ ಪುಟವನ್ನು ಮಕ್ಕಳ ಕೈಯಲ್ಲಿ ಒಕ್ಕೊರಲಿನಿಂದ ಓದಿಸುತ್ತಾರೆ, ಕನ್ನಡ ಪುಟದಿಂದ ಉತ್ತರ ಬರೆಸುತ್ತಾರೆ. ಮಗಳು ಒಂದು ಪುಟವನ್ನು ಬೆರಳಿಟ್ಟು ಗಡಗಡನೆ ಓದುತ್ತಾಳೆ. ಏನಮ್ಮ ಇದರಲ್ಲಿದೆ ಎಂದು ತೆಲುಗಿನಲ್ಲಿ ಕೇಳಿದರೆ ಪುಟದ ಚಿತ್ರ ನೋಡಿ ಊಹಿಸುತ್ತಾಳೆ. ಕಾನ್ವೆಂಟಿನಲ್ಲಿ ದೊಡ್ಡವನೂ ಹೀಗೆಯೇ ಓದುತ್ತಿದ್ದ. ವ್ಯತ್ಯಾಸವೆಂದರೆ ಅಲ್ಲಿ ಅದಕ್ಕೆ ಶುಲ್ಕ ಇತ್ತು.

ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಮೇಲಿನಿಂದ ಯಾರೋ ಭೇಟಿಗೆ ಬರುತ್ತಾರೆ ಎಂದಾಗ ಆ ಅತಿಥಿ ಶಿಕ್ಷಕಿಗೆ "ತೆಲುಗು ಗಿಲುಗು ಬೇಡ ಮೇಡಂ, ಇಂಗ್ಲಿಷ್ ವಿಭಾಗ ಅಲ್ಲವೇ" ಎಂದು ಸೂಚನೆ ಬಂತು. ಮಕ್ಕಳು ಅಂದು ಗೊಂಬೆಗಳಂತೆ ಕೂತಿದ್ದರು. ಭೇಟಿಗೆ ಬಂದವರು ಶಿಸ್ತು ಚೆನ್ನಾಗಿದೆ ಎಂದು ಬರೆದು ಹೋದರು.

ನನ್ನ ತಮ್ಮ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ, ಕಂಪ್ಯೂಟರ್ ಕೆಲಸ. ಅವನ ಮಗನನ್ನು ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸುವಾಗ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ಒಂದು ನಮೂನೆ ತುಂಬಿಸಿಕೊಂಡರಂತೆ. ತೆಲುಗು ಎಂದು ಬರೆದ. ಅದರ ಮೇಲೆ ಹುಡುಗನಿಗೆ ಒಂದು ಪರೀಕ್ಷೆ, ಅದರ ಮೇಲೆ ಇಂಗ್ಲಿಷ್ ಕಲಿಸುವುದಕ್ಕೆಂದೇ ತರಬೇತಾದ ಬೇರೆ ಟೀಚರ್, ವರ್ಷಕ್ಕೊಮ್ಮೆ ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ನಾಲ್ಕನ್ನೂ ಅಳೆಯುವ ಪರೀಕ್ಷೆ. ಮೊದಲು ತಮ್ಮನಿಗೆ ಅವಮಾನವಾಗಿತ್ತು: "ಅಕ್ಕ, ನನ್ನ ಮಗನಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಬರೆದುಬಿಟ್ಟಿದ್ದಾರೆ." ಈಗ ಆ ಟೀಚರನ್ನು ಕಂಡರೆ ಅವನಿಗೆ ದೇವರನ್ನು ಕಂಡಷ್ಟು ಭಕ್ತಿ.

ಅದು ಅಲ್ಲಿನ ಶಾಲೆಗಳ ದೊಡ್ಡ ಮನಸ್ಸಿನಿಂದ ಬಂದದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಂಗ್ಲಿಷ್ ಬಾರದ ಚೀನೀ ಮಕ್ಕಳ ಕಡೆಯವರು ನ್ಯಾಯಾಲಯಕ್ಕೆ ಹೋಗಿದ್ದರು. ಎಲ್ಲರಿಗೂ ಅದೇ ಪುಸ್ತಕ, ಅದೇ ಶಿಕ್ಷಕರು ಕೊಟ್ಟಿದ್ದೇವೆ ಎಂಬುದು ಸಮಾನತೆಯಾಗುವುದಿಲ್ಲ ಎಂದು 1974ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ನನಗೆ ಇದು ತಟ್ಟನೆ ಅರ್ಥವಾಯಿತು. ಒಂದೇ ಅಳತೆಗೆ ನೂರು ಅಂಗಿ ಕತ್ತರಿಸಿ ಎಲ್ಲರಿಗೂ ಬಟ್ಟೆ ಕೊಟ್ಟೆ ಎಂದರೆ ನನ್ನ ಅಂಗಡಿಗೆ ಯಾರು ಬರುತ್ತಾರೆ? ಅದೇ ವರ್ಷ ಅಲ್ಲಿನ ಸಂಸತ್ತು ಕೂಡ ಭಾಷೆಯ ತೊಡಕನ್ನು ನಿವಾರಿಸುವುದು ಶಾಲೆಯ ಹೊಣೆ ಎಂದು ಕಾನೂನು ಮಾಡಿತು.

ಈಗ ಅಲ್ಲೂ ಹಣದ ತಕರಾರು. ಇಂಗ್ಲಿಷ್ ಕಲಿಯುವ ಮಕ್ಕಳಿಗಾಗಿ ಒಕ್ಕೂಟ ಸರ್ಕಾರ ರಾಜ್ಯಗಳಿಗೆ ವರ್ಷಕ್ಕೆ ಸುಮಾರು 89 ಕೋಟಿ ಡಾಲರ್ ಕೊಡುತ್ತದೆ. 2025ರ ಜುಲೈ 1ಕ್ಕೆ ಬಿಡುಗಡೆಯಾಗಬೇಕಿದ್ದ ಆ ಹಣವನ್ನು ಇತರ ಶಾಲಾ ಅನುದಾನಗಳ ಜೊತೆಗೆ ತಡೆಹಿಡಿದರು, ಗದ್ದಲವಾದ ಮೇಲೆ ತಿಂಗಳ ಕೊನೆಗೆ ಬಿಡುವುದಾಗಿ ಹೇಳಿದರು. ಮುಂದಿನ ವರ್ಷದ ಬಜೆಟ್ ಪ್ರಸ್ತಾವದಲ್ಲಿ ಅದಕ್ಕೆ ಒಂದು ಡಾಲರೂ ಇರಲಿಲ್ಲ. ತಮ್ಮನ ಊರಿನ ಶಾಲಾ ಮಂಡಳಿಯ ಸಭೆಯಲ್ಲಿ ಪೋಷಕರು ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಮೈಕಿನ ಮುಂದೆ ಹೋಗಿ, ಆ ಟೀಚರ್‌ಗಳನ್ನು ಉಳಿಸುತ್ತೀರೋ ಇಲ್ಲವೋ ಎಂದು ಕೇಳಿದರಂತೆ. ಮಾತು ಬಾರದವರ ಪರವಾಗಿ ಇನ್ನೊಬ್ಬರು ಅನುವಾದಿಸಿದರಂತೆ. ದೆಹಲಿಯಂಥ ದೂರದ ರಾಜಧಾನಿಯಿಂದ ಹಣ ಬರಲಿ ಬಿಡಲಿ, ಆ ಮಗುವಿಗೆ ಕಲಿಸುವ ಹೊಣೆ ಕಾನೂನಿನ ಪ್ರಕಾರ ಶಾಲೆಯ ಮೇಲೆ ಉಳಿದೇ ಇದೆ. ಜಗಳವಾಡುವವರ ಕೈಗೆ ಅಷ್ಟು ಹಿಡಿಕೆ ಸಿಕ್ಕಿದೆ.

ನಮ್ಮಲ್ಲೂ ಮನೆಭಾಷೆಯನ್ನು ಕೇಳುವುದಿಲ್ಲವೆಂದಲ್ಲ. ದಾಖಲಾತಿ ಅರ್ಜಿಯಲ್ಲಿ ಮಾತೃಭಾಷೆ ಎಂಬ ಅಂಕಣವಿದೆ. ತೆಲುಗು ಎಂದು ನಾನೇ ತುಂಬಿಸಿದ್ದೇನೆ. ಅದು ಮಕ್ಕಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶಕ್ಕೆ ಏರಿ ಅಲ್ಲೇ ಮಲಗಿದೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಇರಬೇಕು ಎಂದು 1956ರಲ್ಲಿ ಸೇರಿಸಿದ ಸಂವಿಧಾನದ 350ಎ ವಿಧಿ ಹೇಳುತ್ತದೆ. ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲಿ ಕಲಿಸಿ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಹೇಳುತ್ತದೆ. ನಾನು ತೆಲುಗು ಶಾಲೆ ಕೇಳುತ್ತಿಲ್ಲ. ಊರಿನವರು ಯಾರೂ ಕೇಳುತ್ತಿಲ್ಲ. ಕನ್ನಡ ನಮಗೆ ಬೇಕು, ಇಂಗ್ಲಿಷೂ ಬೇಕು. ಅವೆರಡನ್ನೂ ಮೆಟ್ಟಿಲು ಹತ್ತಿಸಿದ ಹಾಗೆ ಕಲಿಸಬಲ್ಲವರನ್ನು ವರ್ಷಪೂರ್ತಿ ಕೊಡಿ ಎಂದಷ್ಟೇ ಕೇಳುತ್ತಿದ್ದೇವೆ. ಇಂಗ್ಲಿಷ್ ಬಂದರೆ ಕನ್ನಡ ಸಾಯುತ್ತದೆ ಎಂದು ವೇದಿಕೆ ಮೇಲೆ ಗುಡುಗುವ ಹಿರಿಯರು ಒಮ್ಮೆ ನಮ್ಮೂರಿಗೆ ಬಂದು, ತೆಲುಗು ಮನೆಯ ಮಕ್ಕಳು ಅಂದವಾಗಿ ಕನ್ನಡ ಬರೆಯುವುದನ್ನು ನೋಡಲಿ. ಆ ಮಕ್ಕಳನ್ನು ಕನ್ನಡಕ್ಕೆ ಕರೆತಂದವರು ಸರ್ಕಾರಿ ಶಾಲೆಯವರು, ಭಾಷಣದವರಲ್ಲ.

ಹಣದ ಲೆಕ್ಕಕ್ಕೆ ಬರುತ್ತೇನೆ. ಎಸ್‌ಡಿಎಂಸಿ ಸೇರಿದ ಮೇಲೆ ನನಗೆ ಅಂಟಿದ ಚಟ ಇದು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕೇಂದ್ರದ್ದು 60, ರಾಜ್ಯದ್ದು 40 ಪಾಲು. ಅದರಿಂದ ಶಾಲೆಗೆ ಬರುವ ಸಂಯುಕ್ತ ಅನುದಾನ ಮಕ್ಕಳ ತಲೆ ಲೆಕ್ಕದ ಮೇಲೆ ನಿಂತಿದೆ: 31ರಿಂದ 100 ಮಕ್ಕಳಿದ್ದರೆ ವರ್ಷಕ್ಕೆ 25,000 ರೂಪಾಯಿ, 101ರಿಂದ 250ರವರೆಗೆ 50,000. ಇಂಗ್ಲಿಷ್ ವಿಭಾಗ ಬಂದ ಮೇಲೆ ನಮ್ಮ ಶಾಲೆ ನೂರರ ಗೆರೆ ದಾಟಿತು. ನೂರಾ ಒಂದನೇ ಮಗು ಬಂದು ಬೆಂಚಿನ ಮೇಲೆ ಕೂತದ್ದಕ್ಕೆ ಶಾಲೆಗೆ 25,000 ಹೆಚ್ಚು ಎಂದು ನಾನು ಸಭೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಆ ಮಗುವಿನ ಅಳತೆ ತೆಗೆದವಳೂ ನಾನೇ.

ಆದರೆ ಈ ಹಣದಲ್ಲಿ ಹತ್ತನೇ ಒಂದು ಭಾಗ ಸ್ವಚ್ಛತೆಗೆ ಮೀಸಲು. ಉಳಿದದ್ದು ಸುಣ್ಣಬಣ್ಣ, ದುರಸ್ತಿ, ಕಲಿಕಾ ಸಾಮಗ್ರಿ, ನೀರಿನ ಟ್ಯಾಂಕು, ಇಂಥವಕ್ಕೆ. ಶಿಕ್ಷಕರ ಸಂಬಳಕ್ಕೆ ಬಳಸುವ ಹಾಗಿಲ್ಲ. ಹಾಗಾಗಿ ಗೋಡೆಯ ಮೇಲೆ ಇಂಗ್ಲಿಷ್ ಅಕ್ಷರಮಾಲೆ, ಆಪಲ್, ಆನೆ ಎಲ್ಲ ಬಣ್ಣಬಣ್ಣವಾಗಿ ಬಂದವು. ಅದನ್ನು ಕಲಿಸಬೇಕಾದ ಅತಿಥಿ ಶಿಕ್ಷಕಿ ಮಾತ್ರ ಪ್ರತಿ ವರ್ಷ ಬೇಸಿಗೆ ರಜೆಗೆ ಮನೆಗೆ ಹೋಗುತ್ತಾರೆ, ಶಾಲೆ ತೆರೆದ ಮೇಲೂ ಹೊಸ ಆದೇಶ ಬರುವವರೆಗೆ ಬರಲಾಗುವುದಿಲ್ಲ. ಅಷ್ಟರಲ್ಲಿ ಮೊದಲ ಪಾಠಗಳು ಕಳೆದಿರುತ್ತವೆ. 2025ರ ಬಜೆಟ್ಟಿನಲ್ಲಿ ಅತಿಥಿ ಶಿಕ್ಷಕರ ಗೌರವಧನವನ್ನು 2,000 ರೂಪಾಯಿ ಏರಿಸಿದರು, ಸಂತೋಷ. ಆ ಗೌರವಧನ ತಿಂಗಳು ತಿಂಗಳು ಕೈಗೆ ಬಂದಿದ್ದರೆ ಸಂತೋಷ ಇನ್ನೂ ಹೆಚ್ಚುತ್ತಿತ್ತು. ಅವರು ನನ್ನ ಅಂಗಡಿಯಲ್ಲಿ ಹೊಲಿಸಿದ ರವಿಕೆಗೆ ಬಾಕಿ ಬರೆಸಿ ಹೋದಾಗ ನಾನು ಸರ್ಕಾರದ ಹೆಸರಿಗೆ ಬರೆದುಕೊಳ್ಳಬೇಕು ಅನಿಸಿತು.

ಪೋಷಕರೇ ಹಣ ಹಾಕಲಿ ಎನ್ನುವವರೂ ಇದ್ದಾರೆ. 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಸುತ್ತೋಲೆ ಹೊರಟು, ವಿರೋಧ ಬಂದ ಕೂಡಲೇ ಹಿಂದಕ್ಕೆ ಹೋಯಿತು. ಉಚಿತ ಶಿಕ್ಷಣದ ಹಕ್ಕಿಗೆ ಹುಂಡಿ ಇಡುವುದು ನನಗೆ ಒಪ್ಪಿಗೆಯಿಲ್ಲ. ಹುಂಡಿ ಇಟ್ಟ ಮೇಲೆ ಹಾಕಿದವರ ಮಗು ಮುಂದಿನ ಬೆಂಚು, ಹಾಕದವರ ಮಗು ಹಿಂದಿನ ಬೆಂಚು ಆಗಲು ಎಷ್ಟು ಹೊತ್ತು ಬೇಕು?

ಈ ವರ್ಷ ಸಭೆಯಲ್ಲಿ ಒಂದು ಕೆಲಸ ಮಾಡಿದೆವು. ನಮ್ಮಲ್ಲಿ ಸಾಮಾನ್ಯವಾಗಿ ಚಹಾ ಬರುವ ಹೊತ್ತಿಗೆ ನಡಾವಳಿ ಪುಸ್ತಕಕ್ಕೆ ಎಲ್ಲರ ಸಹಿ ಬಿದ್ದಿರುತ್ತದೆ. ಈ ಸಲ ನಾವು ಕೆಲವು ಹೆಂಗಸರು ಚಹಾ ಕುಡಿದು, ಸಹಿ ಹಾಕದೆ ಕೂತೆವು. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಸಮಿತಿಯ ಕೆಲಸ ಎಂದು ಕಾಯ್ದೆಯಲ್ಲೇ ಇದೆ. ಅದರಲ್ಲಿ ತರಗತಿವಾರು ಮನೆಭಾಷೆಯ ಪಟ್ಟಿ ಬರೆಯಬೇಕು, ಇಂಗ್ಲಿಷ್ ವಿಭಾಗಕ್ಕೆ ಶಾಲೆ ತೆರೆಯುವ ದಿನದಿಂದಲೇ ಶಿಕ್ಷಕಿ ಬೇಕೆಂದು ಬರೆಯಬೇಕು, ಒಂದನೇ ಎರಡನೇ ತರಗತಿಯಲ್ಲಿ ತೆಲುಗು, ಉರ್ದು ಬಳಸಿ ವಿವರಿಸಲು ಅಡ್ಡಿಯಿಲ್ಲವೆಂದು ಬರೆಯಬೇಕು ಎಂದು ಪಟ್ಟು ಹಿಡಿದೆವು. ಮುಖ್ಯ ಶಿಕ್ಷಕರು ಕನ್ನಡಕ ತೆಗೆದು ಒರೆಸಿದರು. "ಅಮ್ಮಾ, ಬರೆಯುತ್ತೇನೆ. ಮೇಲಿನವರು ಕೇಳಿದರೆ ನೀವೇ ಬಂದು ಉತ್ತರ ಹೇಳಬೇಕು" ಎಂದರು. ಹೇಳುತ್ತೇವೆ ಎಂದೆವು. ಯೋಜನೆಯ ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿದೆ, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದಿದ್ದೇನೆ. ಉತ್ತರ ಬಂದಿಲ್ಲ. ಮೊಹರಿರುವ ಪ್ರತಿ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದೆ.

ಹೀಗಾಗಿ ಲೆಕ್ಕ ಇಷ್ಟು: ಪುಸ್ತಕಕ್ಕೆ ಒಂದು, ಊಟಕ್ಕೆ ಒಂದು, ಆ ಅತಿಥಿ ಶಿಕ್ಷಕಿಗೆ ಒಂದು, ಮಕ್ಕಳನ್ನು ಹೆದರಿಸದ ವಾತಾವರಣಕ್ಕೆ ಅರ್ಧ. ಕಳೆದದ್ದು, ಆ ಶಿಕ್ಷಕಿಯನ್ನು ವರ್ಷವಿಡೀ ಉಳಿಸಿಕೊಳ್ಳದ್ದಕ್ಕೆ ಒಂದು, ಮಾತೃಭಾಷೆಯ ಅಂಕಣವನ್ನು ತುಂಬಿಸಿಕೊಂಡು ಮರೆತದ್ದಕ್ಕೆ ಅರ್ಧ.

ಜೂನಿನಲ್ಲಿ ಮಕ್ಕಳನ್ನು ಇಂಥ ವಿಭಾಗಕ್ಕೆ ಸೇರಿಸುವವರಿಗೆ ಎರಡು ಮಾತು. ಗೋಡೆಯ ಚಿತ್ರ ನೋಡಿ ಮರುಳಾಗಬೇಡಿ. ಒಂದನೇ ತರಗತಿಗೆ ಇಂಗ್ಲಿಷ್ ಯಾರು ಕಲಿಸುತ್ತಾರೆ, ಅವರು ಖಾಯಮ್ಮೋ ಅತಿಥಿಯೋ, ಕಳೆದ ವರ್ಷ ಯಾವ ತಿಂಗಳು ಬಂದರು ಎಂದು ಕೇಳಿ. ಆಮೇಲೆ ಎಸ್‌ಡಿಎಂಸಿ ಚುನಾವಣೆಗೆ ನಿಲ್ಲಿ. ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕೆಂದು ಕಾಯ್ದೆಯೇ ಹೇಳುತ್ತದೆ, ಗಂಡಸರು ಜಾಗ ಬಿಟ್ಟುಕೊಡಲಿ ಎಂದು ಕಾಯುವ ಅಗತ್ಯವಿಲ್ಲ. ಚಿಂತಾಮಣಿ ಕಡೆಯವರಾದರೆ ನಮ್ಮ ಯೋಜನೆಯ ಜೆರಾಕ್ಸ್ ಪ್ರತಿ ಕೊಡುತ್ತೇನೆ, ಊರಿನ ಹೆಸರು ಬದಲಾಯಿಸಿಕೊಂಡರೆ ಸಾಕು.